‘ಬಿಟ್ಟುಬಿಟ್ಟೆ’ ಅಂದ್ರೆ ಬಿಟ್ಟ ಹಾಗಾಯ್ತಾ?

ಬೆಳಗ್ಗೆ ಕಾಫಿ ಲೋಟ ಕೆಳಗಿಡೋ ಮುಂಚೆ ಗಾಳ ಹಾಕೋರ ನಮ್ಮ ಗ್ರೂಪಿಗೆ ಒಂದು ರೀಲ್ ವಿಡಿಯೋ ಬಂದು ಬಿತ್ತು. ಬಸವನಗುಡಿ ಹುಡುಗ, ಈಗ ಫ್ಲೋರಿಡಾದಲ್ಲಿದ್ದಾನೆ. ರಾತ್ರಿ ಬೀಚಲ್ಲಿ ನಿಂತು ಐದಡಿ ಬ್ಲ್ಯಾಕ್‌ಟಿಪ್ ಶಾರ್ಕ್ ಹಿಡಿದಿದ್ದಾನೆ. ಒಣ ಮರಳಿಗೆ ಎಳೆದು ಹಾಕಿ, ಬೆನ್ನ ಮೇಲೆ ಕಾಲಾಡಿಸಿ ಕೂತು, ಮೂತಿ ಎತ್ತಿ ಹಲ್ಲು ತೋರಿಸಿ, ಆಮೇಲೆ ಬಾಲ ಹಿಡಿದು ದರದರ ಎಳ್ಕೊಂಡು ಹೋಗಿ ನೀರಿಗೆ ತಳ್ಳಿದ್ದಾನೆ. ಕೆಳಗೆ ಬರೆದಿರೋದು: ‘ಸೇಫಾಗಿ ರಿಲೀಸ್ ಮಾಡಿದೆ’. ಅದಕ್ಕೆ ಚಪ್ಪಾಳೆ, ಹೃದಯ, ಬೆಂಕಿ. ಮೀನು ನೀರಿನಾಚೆ ಇದ್ದ ಹೊತ್ತು ಎಣಿಸಿದೆ. ಎಡಿಟಿಂಗಲ್ಲಿ ಕತ್ತರಿಸಿದ್ದು ಬಿಟ್ಟು 2 ನಿಮಿಷ 40 ಸೆಕೆಂಡ್. ಈ ಎಣಿಸೋ ಕಾಯಿಲೆ ನನಗೆ ಹಳೇದು.

ಅಷ್ಟಕ್ಕೇ ಮುಗಿದಿದ್ರೆ ಸುಮ್ಮನಿರ್ತಿದ್ದೆ. ಕೆಳಗೇ ಇನ್ನೊಬ್ಬ ಮಹಾಶಯ, ‘ಗುರು, ಮುಂದಿನ ತಿಂಗಳು ಕಾರವಾರಕ್ಕೆ ಹೊರಡೋಣ, 16/0 ಸೈಜಿನ ದೊಡ್ಡ ಗಾಳ ಆರ್ಡರ್ ಮಾಡಿದೀನಿ, ನಮಗೇನು ಹೊಸದಾ, ಭೀಮೇಶ್ವರಿಯಲ್ಲಿ ಕಾವೇರಿಯ ಮಹಶೀರ್ ಮೀನು ಹಿಡಿದು ಬಿಟ್ಟ ಊರಿನವರು’ ಅಂತ. ಇಲ್ಲೇ ತಲೆ ಕೆಟ್ಟಿದ್ದು.

ಮಹಶೀರ್ ಬೇರೆ, ಶಾರ್ಕ್ ಬೇರೆ ಸ್ವಾಮಿ. ಮಹಶೀರಿಗೆ ಮೂಳೆ ಇದೆ, ಪಕ್ಕೆಲುಬಿದೆ, ಕಿವಿರಿನ ಮೇಲೆ ಮುಚ್ಚಳ ಇದೆ, ನಿಂತಲ್ಲೇ ಬಾಯಿ ಆಡಿಸಿ ಉಸಿರಾಡುತ್ತೆ. ಶಾರ್ಕಿಗಿರೋದು ಬರೀ ಮೃದ್ವಸ್ಥಿ, ನಮ್ಮ ಕಿವಿಯಲ್ಲಿರೋ ಥರದ್ದು. ಹೊಟ್ಟೆಯೊಳಗಿನದ್ದನ್ನು ಹಿಡಿದಿಡೋ ಎಲುಬಿನ ಗೂಡು ಇಲ್ಲ, ಈಲಿಯೋ, ಅಂದ್ರೆ ಲಿವರ್, ದೊಡ್ಡದು. ನೀರಲ್ಲಿ ಇದ್ಯಾವುದೂ ತೊಂದರೆಯಲ್ಲ, ನೀರೇ ಭಾರ ಹೊರುತ್ತೆ. ಮರಳಿಗೆ ಹಾಕಿದ ಕೂಡಲೇ ಅದರ ಭಾರವೇ ಅದರ ಅಂಗಾಂಗ ಅಮುಕುತ್ತೆ, ಮೇಲೆ ನಮ್ಮ ಹೀರೋ ಬೇರೆ ಕೂತಿದ್ದಾನೆ. ಬಾಲ ಹಿಡಿದು ನೇತುಹಾಕಿದರೆ ಬೆನ್ನುಕಂಬದ ಕೀಲುಗಳು ಜಗ್ಗುತ್ತವೆ. ಬ್ಲ್ಯಾಕ್‌ಟಿಪ್ ಥರದವು ಮುಂದಕ್ಕೆ ಈಜುತ್ತಾ ಬಾಯಿಂದ ನೀರು ನುಗ್ಗಿಸಿಕೊಂಡೇ ಉಸಿರಾಡೋದು, ನಿಂತರೆ ಉಸಿರು ನಿಂತ ಹಾಗೆ. ಗಾಳಿಯಲ್ಲಿ ಕಿವಿರಿನ ಎಳೆಗಳು, ನೀರಿಂದ ತೆಗೆದ ಒದ್ದೆ ಕೂದಲಿನ ಹಾಗೆ, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಬಾಲ ಹಿಡಿದು ಹಿಂದಕ್ಕೆ ಎಳೆದರೆ ಕಿವಿರಿನ ಐದೂ ಸೀಳಿನಿಂದ ಮರಳು ಒಳಗೆ.

‘ಈಜ್ಕೊಂಡು ಹೋಯ್ತಲ್ಲ’ ಅಂತಾರೆ. ಹೋಗುತ್ತೆ. ಗಾಳಕ್ಕೆ ಸಿಕ್ಕಿ ಒದ್ದಾಡುವಾಗ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ರಕ್ತದ ಪಿಎಚ್ ಇಳಿದಿರುತ್ತೆ, ಅಂದ್ರೆ ರಕ್ತವೇ ಹುಳಿಯಾಗಿರುತ್ತೆ. ಕ್ಯಾಮೆರಾ ಮುಂದೆ ಬಾಲ ಬಡಿದು ಹೋದದ್ದು ಕೆಲವು ಗಂಟೆ ಬಿಟ್ಟು ತಳದಲ್ಲಿ ಸತ್ತು ಬಿದ್ದಿರಬಹುದು, ಅದರ ರೀಲ್ ಯಾರೂ ಮಾಡಲ್ಲ. ಇದರಲ್ಲಿ ತೀರಾ ನಾಜೂಕು ಅಂದ್ರೆ ಸುತ್ತಿಗೆ ತಲೆಯ ಹ್ಯಾಮರ್‌ಹೆಡ್. ದೈತ್ಯನ ಹಾಗೆ ಕಾದಾಡಿ, ಬಿಟ್ಟ ಮೇಲೆ ಎಷ್ಟೋ ಸಲ ಸಾಯುತ್ತೆ. ಟೈಗರ್ ಶಾರ್ಕ್ ಅದಕ್ಕಿಂತ ಗಟ್ಟಿ ಪಿಂಡ. ತಳದಲ್ಲಿ ಮಲಗೋ ನರ್ಸ್ ಶಾರ್ಕ್ ನಿಂತಲ್ಲೇ ನೀರು ಪಂಪ್ ಮಾಡಿಕೊಳ್ಳುತ್ತೆ. ಎಲ್ಲವನ್ನೂ ‘ಶಾರ್ಕ್’ ಅಂತ ಒಂದೇ ಬುಟ್ಟಿಗೆ ಹಾಕೋರು ಗಾಳದ ರಾಡ್ ಮುಟ್ಟಬಾರದು.

ಬಿಡೋ ಕೆಲಸ ಶುರುವಾಗೋದು ಮೀನು ದಡಕ್ಕೆ ಬಂದ ಮೇಲಲ್ಲ, ಅಂಗಡಿಯಲ್ಲಿ ಗಾಳ ಆರಿಸುವಾಗ. ತುದಿ ಒಳಕ್ಕೆ ಬಾಗಿರೋ ದುಂಡನೆ ಗಾಳ, ಸರ್ಕಲ್ ಹುಕ್ಕೇ ಆಗಬೇಕು. ಅದೂ ಮೇಜಿನ ಮೇಲಿಟ್ಟರೆ ಚಪ್ಪಟೆ ಕೂರಬೇಕು. ತುದಿ ಪಕ್ಕಕ್ಕೆ ವಾಲಿದ್ದು ಗಂಟಲಲ್ಲಿ, ಹೊಟ್ಟೆಯಲ್ಲಿ ಚುಚ್ಚಿಕೊಳ್ಳುತ್ತೆ. ನೇರದ್ದು ಹೊರಗೆ ಜಾರಿ ಬಂದು ದವಡೆ ಮೂಲೆಯಲ್ಲಿ ತಿರುಗಿ ನಿಲ್ಲುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಬೇಡ, ಬಾಯಲ್ಲೇ ಉಳಿದುಹೋದರೆ ತುಕ್ಕು ಹಿಡಿದು ಉದುರಬೇಕಲ್ಲ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿರೋ ಮುಳ್ಳನ್ನು ಇಕ್ಕಳದಲ್ಲಿ ಅಮುಕಿ ಮಟ್ಟ ಮಾಡಿ. ಮೀನು ಕಚ್ಚಿದಾಗ, ಕಾವೇರಿಯಲ್ಲಿ ಕಲಿತ ಚಟಕ್ಕೆ, ರಾಡ್ ಝಾಡಿಸಿ ಎತ್ತಬೇಡಿ. ಎತ್ತಿದ್ರೆ ಗಾಳ ಬಾಯಿಂದ ಆಚೆ. ದಾರ ಬಿಗಿಯಾಗಲಿ, ಸುಮ್ಮನೆ ರಾಡಿನ ರೀಲ್ ಸುತ್ತಿ, ತಾನೇ ಕೂರುತ್ತೆ.

ದಾರದಲ್ಲಿ ಜಿಪುಣತನ ಮಾಡಿದ್ರೆ ಅನುಭವಿಸೋದು ಮೀನು. ‘ತೆಳು ದಾರದಲ್ಲಿ ಒಂದೂವರೆ ಗಂಟೆ ಆಡಿಸಿದೆ’ ಅಂತ ಎದೆ ಉಬ್ಬಿಸೋರನ್ನ ಕಂಡ್ರೆ ಮೈ ಉರಿಯುತ್ತೆ. ಒಂದೂವರೆ ಗಂಟೆ ಉಸಿರುಗಟ್ಟಿಸಿದೆ ಅಂತ ಓದ್ಕೊಳ್ಳಿ. ಐದಾರಡಿ ಮೀನಿಗೆ 65ರಿಂದ 80 ಪೌಂಡ್ ತಾಳೋ ಬ್ರೈಡ್ (ಹೆಣೆದ ದಾರ), ರೀಲಿನಲ್ಲಿ 400 ಮೀಟರಾದರೂ ಇರಲಿ. ಡ್ರ್ಯಾಗ್, ಅಂದ್ರೆ ರೀಲಿನ ಬ್ರೇಕು, ದಾರದ ತಾಕತ್ತಿನ ಮೂರನೇ ಒಂದು ಪಾಲಿಗೆ, ತಕ್ಕಡಿ ಸಿಕ್ಕಿಸಿ ಅಳೆದು ಇಡಿ, ಬೆರಳಲ್ಲಿ ಎಳೆದು ನೋಡಿ ಅಲ್ಲ. ಹಲ್ಲಿಗೆ ಸಿಗೋ ಕಡೆ ಒಂದು ಮೀಟರ್ ಉಕ್ಕಿನ ತಂತಿ. ಅದರ ಹಿಂದೆ ದಪ್ಪ ಮೋನೋ (ಒಂಟಿ ಎಳೆಯ ನೈಲಾನ್ ದಾರ), ಮೀನಿನ ಉದ್ದಕ್ಕಿಂತ ಜಾಸ್ತಿ. ಯಾಕಂದ್ರೆ ಶಾರ್ಕ್ ಚರ್ಮ ಅಂದ್ರೆ ಉಪ್ಪುಕಾಗದ, ತಿರುಗಿ ಬಾಲ ಬಡಿದರೆ ಬ್ರೈಡ್ ಹತ್ತಿ ನೂಲಿನ ಹಾಗೆ ಕಡಿದು ಹೋಗುತ್ತೆ. ಆಗ ಬಾಯಲ್ಲಿ ಗಾಳ, ಅದರ ಹಿಂದೆ ಎರಡಾಳುದ್ದದ ದಾರ ಎಳ್ಕೊಂಡು ತಿರುಗಬೇಕು ಪಾಪದ್ದು. ನೀವು ದಡದಲ್ಲಿ ‘ಜಸ್ಟ್ ಮಿಸ್’ ಅಂತೀರ.

ಮೂರು ಜನ ಬೇಕು. ಒಬ್ಬ ರಾಡಿಗೆ, ಒಬ್ಬ ಲೀಡರ್ (ಆ ತಂತಿ, ಮೋನೋ ಭಾಗ) ಹಿಡಿದು ಬಾಲದ ಬುಡ ಹಿಡಿಯೋಕೆ, ಒಬ್ಬನ ಕೈಲಿ ಬೋಲ್ಟ್ ಕಟರ್. ಗರಾಜಿನಲ್ಲಿ ಸರಪಳಿ ಕತ್ತರಿಸ್ತಾರಲ್ಲ, ಆ ಉದ್ದ ಹಿಡಿಯದ್ದೇ. ಅದು ಕೈಯಲ್ಲಿರಬೇಕು, ಕಾರಿನ ಡಿಕ್ಕಿಯಲ್ಲಲ್ಲ. ಮೊಣಕಾಲುದ್ದ ನೀರಲ್ಲೇ ನಿಲ್ಲಿಸಿ, ಮೂತಿ ಅಲೆಯ ಕಡೆಗೆ, ಕಿವಿರು ನೀರೊಳಗೆ. ಗಾಳ ಕಣ್ಣಿಗೆ ಕಂಡರೆ ತುಂಡರಿಸಿ ತೆಗೀರಿ. ನುಂಗಿದ್ದರೆ ಕೈ ಹಾಕಿ ಸಾಹಸ ಬೇಡ, ತಂತಿಯನ್ನು ಬಾಯಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಕತ್ತರಿಸಿ. ಒಂದು ನಿಮಿಷದಲ್ಲಿ ಆಗಲಿಲ್ವಾ, ಗಾಳ ಹೋದರೆ ಹೋಗಲಿ. ಆಮೇಲೆ ಬೆನ್ನಿನ ರೆಕ್ಕೆ, ಬಾಲದ ಬುಡ ಹಿಡಿದು ಮುಂದಕ್ಕೆ, ಬರೀ ಮುಂದಕ್ಕೆ ನಡೆಸಿ. ತೊಟ್ಟಿಲು ತೂಗಿದ ಹಾಗೆ ಹಿಂದೆ ಮುಂದೆ ಆಡಿಸಬೇಡಿ, ಹಿಂದಕ್ಕೆ ಎಳೆದಾಗೆಲ್ಲ ಕಿವಿರಿಗೆ ನೀರು ಉಲ್ಟಾ. ಬಾಲ ತಾನಾಗಿ ಒದೆಯೋಕೆ ಶುರು ಮಾಡಿದ್ರೆ ಕೈ ಬಿಡಿ.

ಫ್ಲೋರಿಡಾದವರಿಗೂ ಇದು ತಾನಾಗಿ ಹೊಳೆದದ್ದಲ್ಲ. 2019ರ ಜುಲೈನಿಂದ ಅಲ್ಲಿ ದಡದಿಂದ ಶಾರ್ಕ್ ಹಿಡಿಯೋಕೆ ಪ್ರತ್ಯೇಕ ಪರ್ಮಿಟ್ ಬೇಕು, ಅದಕ್ಕೆ ಮೊದಲು ಆನ್‌ಲೈನ್ ಪಾಠ. ಬೀಚಿನಿಂದ ನೀರಿಗೆ ಮೀನಿನ ಚೂರು ಚೆಲ್ಲಿ ಕರೆಯೋ ಹಾಗಿಲ್ಲ. ಕತ್ತರಿಸೋ ಸಾಧನ ಜೊತೆಗಿರಲೇಬೇಕು. ಮೀನಿನ ಎರೆ ಹಾಕಿದ್ರೆ ನಾನು ಮೇಲೆ ಹೇಳಿದ ನೇರದ, ಸ್ಟೇನ್‌ಲೆಸ್ ಅಲ್ಲದ ಸರ್ಕಲ್ ಹುಕ್ಕೇ. ಹ್ಯಾಮರ್‌ಹೆಡ್, ಟೈಗರ್, ಲೆಮನ್ ಥರ ಹಿಡಿದಿಟ್ಟುಕೊಳ್ಳಬಾರದ ಜಾತಿಗಳ ಕಿವಿರು ನೀರಿನಿಂದ ಮೇಲೆ ಬರಬಾರದು. ನಮ್ಮ ಹುಡುಗ ‘ಬ್ಲ್ಯಾಕ್‌ಟಿಪ್ ಆ ಪಟ್ಟಿಯಲ್ಲಿಲ್ಲ’ ಅಂತಾನೆ. ನಿಜ, ಇಲ್ಲ. ಕಿವಿರಿಗೆ ಆ ಪಟ್ಟಿ ಓದೋಕೆ ಬರಲ್ಲ.

ಈಗ ವಾದ ಬರುತ್ತೆ, ನನಗೆ ಬಾಯಿಪಾಠ. ‘ಟ್ರಾಲರ್‌ನವರು ರಾಶಿ ರಾಶಿ ತರ್ತಾರೆ, ಮಂಗಳೂರು ಕಡೆ ತಾಟೆ, ಕಾರವಾರದಲ್ಲಿ ಮೋರಿ ಅಂತ ಸಾರು ಮಾಡ್ತಾರೆ, ಅವರನ್ನ ಕೇಳಿ, ಬಿಡೋನಿಗೇ ಯಾಕೆ ಬೈತೀರಾ?’ ಟ್ರಾಲರ್ ಕಥೆ ಬೇರೆ, ದೊಡ್ಡದು. ಆದ್ರೆ ಮೋರಿ ಮಾರೋ ಹೆಂಗಸು ‘ಇದನ್ನ ಉಳಿಸಿದೆ’ ಅಂತ ಹೇಳಲ್ಲ, ಕತ್ತರಿಸಿ ತೂಕಕ್ಕೆ ಹಾಕ್ತಾಳೆ. ಸಾಯಿಸಿ ಉಳಿಸಿದೆ ಅನ್ನೋನು ಆ ರೀಲ್ ಮಾಡಿದವನೊಬ್ಬನೇ. ಇನ್ನೊಂದು ವಾದ ವಿಜ್ಞಾನದ್ದು: ಅಮೆರಿಕದಲ್ಲಿ 1962ರಿಂದ, ದಕ್ಷಿಣ ಆಫ್ರಿಕದಲ್ಲಿ 1984ರಿಂದ ಹವ್ಯಾಸಿಗಳೇ ಶಾರ್ಕಿಗೆ ಗುರುತಿನ ಟ್ಯಾಗ್ ಹಾಕಿ ಬಿಡ್ತಿದ್ದಾರೆ, ಮಾಹಿತಿ ಸಿಗುತ್ತೆ. ಸಿಗುತ್ತೆ ಮಾರಾಯ. ನಿನ್ನ ರೀಲಲ್ಲಿ ಟ್ಯಾಗ್ ಎಲ್ಲಿದೆ? ಉದ್ದ ಅಳೆದೆಯಾ? ಹೊಟ್ಟೆ ಕೆಳಗೆ ಎರಡು ಬೆರಳಿನಂಥವು ಇದ್ದರೆ ಗಂಡು, ಅದನ್ನಾದ್ರೂ ನೋಡಿದೆಯಾ? ಗಾಳಕ್ಕೆ ಸಿಕ್ಕ ಗಾಬರಿಗೆ ಬಸುರಿ ಶಾರ್ಕ್ ಮರಿ ಹಾಕಿಬಿಡೋದೂ ಉಂಟು.

ಕಾರವಾರದ ಮಹಾಶಯರಿಗೆ ಒಂದು ಮಾತು. ನಮ್ಮ ದಡದ ಹತ್ತಿರ ನಿಮ್ಮ ಎರೆಗೆ ಬರೋದು ಹೆಚ್ಚಾಗಿ ಮೊಳದುದ್ದದ ಸಣ್ಣ ಜಾತಿಗಳು, ಇಲ್ಲಾ ದೊಡ್ಡ ಜಾತಿಗಳ ಮರಿಗಳು. 16/0 ಗಾಳ ಅವುಗಳ ಬಾಯಿಗಿಂತ ದೊಡ್ಡದು. ಬೇಸಿಗೆಯಲ್ಲಿ ನೀರು 30 ಡಿಗ್ರಿ ಹತ್ತಿರ ಇರುತ್ತೆ, ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಮ್ಮಿ, ದಣಿದದ್ದು ಚೇತರಿಸಿಕೊಳ್ಳೋದು ಇನ್ನೂ ಕಷ್ಟ. ಮೇಲಾಗಿ 2001ರಿಂದ ವನ್ಯಜೀವಿ ಕಾಯ್ದೆಯ ಕಟ್ಟುನಿಟ್ಟಿನ ರಕ್ಷಣೆಯ ಮೊದಲನೇ ಪಟ್ಟಿಯಲ್ಲಿ ತಿಮಿಂಗಿಲ ಶಾರ್ಕ್, ಪಾಂಡಿಚೇರಿ ಶಾರ್ಕ್, ಗರಗಸ ಮೀನು ಎಲ್ಲ ಇವೆ. ಹೆಡ್‌ಲ್ಯಾಂಪ್ ಬೆಳಕಲ್ಲಿ ಪಾಂಡಿಚೇರಿ ಶಾರ್ಕನ್ನ ಗುರುತು ಹಿಡೀತೀರಾ? ನನಗೇ ಆಗಲ್ಲ. ‘ಬಿಟ್ಟುಬಿಟ್ಟೆ ಸಾರ್’ ಅಂತ ಅರಣ್ಯ ಇಲಾಖೆಯವರ ಮುಂದೆ ಹೇಳಿ ನೋಡಿ.

ಹಾಂ, ಬಾಲ ಹಿಡಿದು ಎತ್ತಿದ ಒಂದು ಫೋಟೋ ನನ್ನ ಹಳೇ ಆಲ್ಬಮ್ಮಲ್ಲೂ ಇದೆ. ಹುಡುಕಿ ತಂದು ಕಾಮೆಂಟಲ್ಲಿ ಹಾಕೋ ಮುಂಚೆ ನಾನೇ ಹೇಳ್ತಿದ್ದೀನಿ. ಅಳಿಸಿಲ್ಲ. ನೋಡಿದಾಗೆಲ್ಲ ಹೊಟ್ಟೆ ಕಿವುಚುತ್ತೆ, ಇರಲಿ ಅಂತ ಇಟ್ಟಿದ್ದೀನಿ.

ಇದನ್ನೆಲ್ಲ ಗ್ರೂಪಲ್ಲಿ ಹಾಕಿದ್ದಕ್ಕೆ ಅರ್ಧ ಗಂಟೆ ಆದ್ಮೇಲೆ ಒಂದು ಉತ್ತರ ಬಂತು: ‘ಅಣ್ಣ, ಅದೆಲ್ಲ ಸರಿ, ಆಮೇಲೆ ಫೋಟೋ ಹೇಗೆ?’

ಕ್ಯಾಮೆರಾದವನು ಮೊದಲೇ ಸೊಂಟದುದ್ದ ನೀರಿಗಿಳಿದು ದಡದ ಕಡೆ ಮುಖ ಮಾಡಿ ನಿಂತಿರಲಿ. ಕಟರಿನವನು ಗಾಳ ಕತ್ತರಿಸುವಾಗಲೇ ಎರಡು ಕ್ಲಿಕ್. ಮೀನಿನ ಬೆನ್ನು, ನಿಮ್ಮ ಮುಖ ಎರಡೂ ಬರುತ್ತೆ. ಹಲ್ಲು ಬರಲ್ಲ. ಹಲ್ಲೇ ಬೇಕು ಅಂದ್ರೆ ನಿಮ್ಮದು ತೋರಿಸಿ.