ಗಂಟಿ ಹೊಡೀಬಹುದು, ಮಾತಾಡಂಗಿಲ್ಲ

ದುಬೈಯಿಂದ ಮಗ ವಾಟ್ಸಾಪ್‌ನಲ್ಲಿ ಫೋನ್ ಹಚ್ಚುತ್ತಾನೆ. ಸಿಂದಗಿ ತಾಲ್ಲೂಕಿನ ಹಳ್ಳಿಯಲ್ಲಿ ತಾಯಿಯ ಮೊಬೈಲ್ ಗಂಟೆ ಹೊಡೆಯುತ್ತದೆ, ಮಗನ ಫೋಟೋ ಕಾಣುತ್ತದೆ, ಆಕೆ ಸೆರಗಿಗೆ ಕೈ ಒರೆಸಿಕೊಂಡು ಹಸಿರು ಗುಂಡಿ ಎಳೆಯುತ್ತಾಳೆ. ಅಲ್ಲಿಗೆ ಮುಗಿಯಿತು. ಪರದೆಯ ಮೇಲೆ 'ಕನೆಕ್ಟಿಂಗ್', ಆಮೇಲೆ 'ರೀಕನೆಕ್ಟಿಂಗ್', ಆಮೇಲೆ ಕಟ್. "ಮಾತಾಡಾಂವಲ್ಲಂದ್ರ ಯಾಕ ಹಚ್ಚತಾನವಾ? ನನ್ನ ಮ್ಯಾಲ ಸಿಟ್ಟಾಗ್ಯಾನೇನ?" ಎಂದು ಆಕೆ ನೆರೆಮನೆಯವಳನ್ನು ಕೇಳುತ್ತಾಳೆ. ಸಿಟ್ಟಾದದ್ದು ಮಗನಲ್ಲ, ವಾಟ್ಸಾಪ್ ಕರೆಗೆ ತಡೆ ಹಾಕಿರುವ, ಅವನಿರುವ ಯುಎಇ ದೇಶದ ದೂರಸಂಪರ್ಕ ಪ್ರಾಧಿಕಾರ.

ಗಂಟೆ ಬಂದು ಮಾತು ಬಾರದಿರುವುದಕ್ಕೆ ಕಾರಣ, ಎರಡರ ದಾರಿ ಬೇರೆ. 'ಕರೆ ಬಂದಿದೆ' ಎಂಬ ಸುದ್ದಿ ಸಾದಾ ಸಂದೇಶದ ಹಾಗೆ ಕಂಪನಿಯ ಸರ್ವರ್ ಮೂಲಕ ಮುಸುಕು ಹಾಕಿಕೊಂಡು ಬರುತ್ತದೆ. ಎತ್ತಿದ ಮೇಲೆ ಧ್ವನಿ ಯುಡಿಪಿ ಎಂಬ ಇನ್ನೊಂದು ಹಾದಿ ಹಿಡಿಯುತ್ತದೆ: ಸೆಕೆಂಡಿಗೆ 50ರ ಆಸುಪಾಸು ಸಣ್ಣ ಪ್ಯಾಕೆಟ್, ಒಂದೊಂದರೊಳಗೆ 20 ಮಿಲಿಸೆಕೆಂಡಿನ ಮಾತು. ಇಂಥ ಕರೆಗಳಲ್ಲಿ ಫೋನ್‌ಗಳು ಮೊದಲು ಪರಸ್ಪರ ವಿಳಾಸ ಹುಡುಕಿಕೊಳ್ಳಬೇಕು. ಅದಕ್ಕೆ ಸ್ಟನ್ ಎಂಬ ಪದ್ಧತಿ ಉಂಟು. ಅದರ ಪ್ರತಿ ಪ್ಯಾಕೆಟ್ಟಿನ ನೆತ್ತಿಯ ಮೇಲೆ 2112ಎ442 ಎಂಬ ಸ್ಥಿರ ಗುರುತು ಇರಬೇಕೆಂದು ಮಾನಕವೇ ಹೇಳುತ್ತದೆ. ಟೆಲಿಕಾಂ ಕಂಪನಿಯ ತಪಾಸಣಾ ಯಂತ್ರ ಆ ಗುರುತು ನೋಡಿ ಪ್ಯಾಕೆಟ್ ಎಸೆದುಬಿಡಬಹುದು. ಗುರುತು ಅಳಿಸಿದರೂ, ಎರಡೂ ಕಡೆಯಿಂದ ಒಂದೇ ಲಯದಲ್ಲಿ ಸಣ್ಣ ಪ್ಯಾಕೆಟ್ಟು ಓಡಾಡಿದರೆ ಇದು ಮಾತು ಅಂತ ಊಹಿಸುವುದು ಕಷ್ಟವಲ್ಲ. ಒಳಗಿನ ಗೂಢಲಿಪಿ ಬಿಡಿಸುವ ತ್ರಾಸೇ ಬೇಕಿಲ್ಲ. ಅವ್ವ ಏನಂದಳು ಎಂಬುದಲ್ಲ, ಅವ್ವ ಏನೋ ಅಂದಳು ಎಂಬುದೇ ಅಪರಾಧ.

ಜಾಲಕ್ಕೆ ಭಾರ ಆಗತದ ಅನ್ನುವ ಹಾಗೂ ಇಲ್ಲ. ಒಂದು ನಿಮಿಷದ ಮಾತು ಒಂದು ದಿಕ್ಕಿಗೆ ಹೆಚ್ಚೂಕಡಿಮೆ 300 ಕೆಬಿ. ಬೆಳಗಾದರೆ ಕಾಕಾನವರು ಇಡೀ ಬಳಗಕ್ಕೆ ಕಳಿಸುವ ಗುಲಾಬಿ ಹೂವಿನ ಶುಭೋದಯದ ವಿಡಿಯೋ ಅದರ ಹತ್ತಿಪ್ಪತ್ತು ಪಟ್ಟು ತೂಗುತ್ತದೆ. ಅದಕ್ಕೆ ಯಾವ ಗಡಿಯಲ್ಲೂ ತಡೆಯಿಲ್ಲ.

ಇನ್ನೂ ಮಜಾ ಮುಂದಿದೆ. ಅದೇ ತಾಯಿ ಮೈಕಿನ ಗುರುತು ಒತ್ತಿಹಿಡಿದು ಅದೇ ಮಾತು ಹೇಳಿ ಬೆರಳು ಬಿಟ್ಟರೆ, ವಾಯ್ಸ್ ಮೆಸೇಜ್ ಆಗಿ ಸರಾಗ ದುಬೈ ಮುಟ್ಟುತ್ತದೆ. ಬಾಯಿ ಅದೇ, ಕಿವಿ ಅದೇ. ಬಿಸಿ ಮಾತು ನಿಷಿದ್ಧ, ಆರಿದ ಮಾತು ಊರ್ಜಿತ. ಹೀಗಾಗಿ ಅರ್ಧ ಕೊಲ್ಲಿಯ ಸಂಸಾರ ನಡೆದಿರುವುದೇ ಧ್ವನಿಮುದ್ರಿಕೆಗಳಲ್ಲಿ, ಮತ್ತು ಕೆಡುವುದೂ ಅಲ್ಲಿಯೇ, ಉತ್ತರದ ಸರದಿ ತಪ್ಪಿ. ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ತಿಕೋಟಾ ಕಡೆಯ ಅಪ್ಪ ಒಂದರ ಹಿಂದೊಂದು ಮೂರು ಬಿಡುತ್ತಾನೆ. "ಕೋಲ್ಡ್ ಸ್ಟೋರೇಜಿನಾಗಿನ ಮಣೂಕ ಈಗ ಮಾರೂಣೇನ?" "ಬೋರಿನ ಮೋಟರ್ ಸುಟ್ಟದ, ರಿವೈಂಡಿಂಗ್ ಮಾಡಸ್ಲೋ, ಹೊಸಾದ ತರ್ಲೋ?" "ನಿನ್ನ ತಂಗೀನ್ನ ನೋಡಾಕ ಇಂಡಿ ಊರವರು ಬರತೀವಿ ಅಂತಾರ, ಹೂಂ ಅನ್ಲೇನು?" ಶಿಫ್ಟ್ ಮುಗಿಸಿ ಬಂದ ಮಗ ಮೊದಲನೆಯದಕ್ಕಷ್ಟೇ ಉತ್ತರ ಒಗೆದು ಮಲಗುತ್ತಾನೆ: "ಈಗ ಬ್ಯಾಡ್ರಿ ಅಪ್ಪಾ, ರೇಟ್ ಬರಲಿ." ಮನೆಯವರು ಅದನ್ನು ಕೊನೆಯ ಪ್ರಶ್ನೆಗೆ ಹಚ್ಚಿ ಕೇಳಿ, ತಂಗಿ ಎರಡು ದಿನ ಊಟ ಬಿಟ್ಟಿರುತ್ತಾಳೆ. ಯಾವ ಸಂದೇಶಕ್ಕೆ ಉತ್ತರವೋ ಅದನ್ನು ಬೆರಳಿನಿಂದ ಬಲಕ್ಕೆ ಎಳೆದು ಆಮೇಲೆ ಮಾತಾಡಬೇಕು. ಆಗ ಪ್ರಶ್ನೆಯೂ ಉತ್ತರಕ್ಕೆ ಅಂಟಿಕೊಂಡು ಹೋಗುತ್ತದೆ. ಕೊಲ್ಲಿಗೆ ಹೋಗುವವರಿಗೆ ಪಾಸ್‌ಪೋರ್ಟಿನ ಜೊತೆ ಇದನ್ನೂ ಕಲಿಸಿ ಕಳಿಸುವುದು ಒಳ್ಳೆಯದು.

ನಿಷೇಧಕ್ಕೆ ಕೊಡುವ ಕಾರಣದ ಹೆಸರು ಪರವಾನಗಿ. ಯುಎಇಯಲ್ಲಿ ಇಂಟರ್ನೆಟ್ ಮೇಲೆ ಧ್ವನಿ ಸಾಗಿಸುವುದು ನಿಯಂತ್ರಿತ ಸೇವೆ. ಪರವಾನಗಿ ಇರುವವು ಎತಿಸಲಾತ್ (ಈಗಿನ ಹೆಸರು ಇ&) ಮತ್ತು ಡು ಎಂಬ ಎರಡು ಟೆಲಿಕಾಂ ಕಂಪನಿಗಳು. 2017 ಮುಗಿಯುವ ಹೊತ್ತಿಗೆ ಸ್ಕೈಪ್ ಬಾಯಿಗೂ ಬೀಗ ಬಿತ್ತು. 2018ರ ಆರಂಭದಲ್ಲೇ ಇಂಟರ್ನೆಟ್ ಕರೆಯ ಪ್ಯಾಕ್ ಬಂತು: ಬೋಟಿಮ್ ಥರದ ಒಪ್ಪಿತ ಆ್ಯಪ್‌ಗಳಲ್ಲಿ ಮಾತಾಡಲು ಮೊಬೈಲಿಗೆ ತಿಂಗಳಿಗೆ 50 ದಿರ್ಹಂ, ಮನೆಯ ಸಂಪರ್ಕಕ್ಕೆ 100. ಆಗಿನ ಲೆಕ್ಕದಲ್ಲಿ 50 ದಿರ್ಹಂ ಅಂದರೆ 800 ರೂಪಾಯಿಗೆ ಮೇಲೆ. ನಿನ್ನೆ ತನಕ ಕಾನೂನುಬಾಹಿರವಾಗಿದ್ದ "ಉಂಡೇನಪಾ?" ಎಂಬ ಪ್ರಶ್ನೆ 50 ದಿರ್ಹಂ ಕಟ್ಟಿದ ಕೂಡಲೇ ಶುದ್ಧವಾಯಿತು. 49 ದಿರ್ಹಂ ತನಕ ಅದು ಗಂಡಾಂತರವೇ.

ಆದರೆ ಒಪ್ಪಿತ ಆ್ಯಪ್ ಒಂದು ಕಡೆ ಇದ್ದರೆ ಸಾಲದು, ಸಿಂದಗಿಯಲ್ಲೂ ಬೇಕು. ಅವ್ವನ ಫೋನಿನಲ್ಲಿ ಜಾಗ ಇಲ್ಲ. ಜಾಗ ಮಾಡಲು ಗುಲಾಬಿಗಳನ್ನು ಅಳಿಸಬೇಕು, ಅದಕ್ಕೆ ಕಾಕಾ ಸಿಟ್ಟಾಗುತ್ತಾರೆ. ಒಟಿಪಿ ಬರುವ ಹೊತ್ತಿಗೆ ಕರೆಂಟ್ ಹೋಗಿ ವೈಫೈ ಸತ್ತಿರುತ್ತದೆ. ಮೈಕಿಗೆ ಅನುಮತಿ ಕೇಳಿದಾಗ ಆಕೆ ಹೆದರಿ 'ಬೇಡ' ಒತ್ತಿರುತ್ತಾಳೆ, ಹಾಗಾಗಿ ಮಗನ ದನಿ ಈಕೆಗೆ ಕೇಳುತ್ತದೆ, ಈಕೆಯದು ಅವನಿಗೆ ಕೇಳುವುದಿಲ್ಲ. ಸೆಟ್ಟಿಂಗ್ಸ್, ಆ್ಯಪ್ಸ್, ಪರ್ಮಿಷನ್ಸ್, ಮೈಕ್ರೊಫೋನ್ ಎಂದು ನಾಲ್ಕು ಮೆಟ್ಟಿಲು ಇಳಿದರೆ ಸರಿಯಾಗುತ್ತದೆ. ಇದನ್ನು ಫೋನಿನಲ್ಲೇ ಹೇಳಿಕೊಡಬೇಕು, ಆ ಫೋನ್ ಮಾಡಲಿಕ್ಕೇ ಇದು ಬೇಕು.

ವಿಪಿಎನ್, ಅಂದರೆ ಫೋನಿನ ಇಂಟರ್ನೆಟ್ ವಿಳಾಸ (ಐಪಿ) ಮರೆಸುವ ಅಡ್ಡದಾರಿ ಬ್ಯಾಡ. ಅಲ್ಲಿನ ಸೈಬರ್ ಕಾನೂನಿನಲ್ಲಿ, ಅಪರಾಧ ಮಾಡಲು ಅಥವಾ ಮುಚ್ಚಿಡಲು ಐಪಿ ವಿಳಾಸ ಮರೆಸಿದರೆ ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಂ. ಆ ದಂಡಕ್ಕೆ ಹೊಲ ಮಾರಿದರೆ ಹೊಲ ಸಾಲುವುದಿಲ್ಲ, ಹಳ್ಳಿ ಹಾಕಬೇಕು.

2020ರ ಮಾರ್ಚ್‌ನಲ್ಲಿ ಕೊರೊನಾ ಬಂತು, ಕಚೇರಿ ಮತ್ತು ಶಾಲೆ ಮನೆಗೆ ಬಂದವು. ಧ್ವನಿಯಿಂದ ದೇಶಕ್ಕಿದ್ದ ಅಪಾಯ ವಾರದೊಳಗೆ ಕರಗಿ, ಜೂಮ್, ಟೀಮ್ಸ್ ಮುಂತಾದವು ವಿಶೇಷ ಸಂದರ್ಭವೆಂದು ತೆರೆದುಕೊಂಡವು. ವಾಟ್ಸಾಪ್ ಕರೆಗೆ ಮಾತ್ರ ಆ ಯೋಗ ಬರಲಿಲ್ಲ. ಅಂದರೆ ನೌಕರ ಮ್ಯಾನೇಜರನ ಜೊತೆ ಮಾತಾಡುವುದು ಕಾರ್ಯಕಲಾಪ, ತಾಯಿಯ ಜೊತೆ ಮಾತಾಡುವುದು ಸಂಚಾರ ದಟ್ಟಣೆ. ಜಾಣ ಸಂಸಾರಗಳು ಸಂಸಾರವನ್ನೇ ಮೀಟಿಂಗ್ ಮಾಡಿಕೊಂಡವು. ಆಗ ಪುಕ್ಕಟೆ ಜೂಮ್‌ನಲ್ಲಿ ಮೂರು ಮಂದಿ ಸೇರಿದರೆ 40 ನಿಮಿಷದ ಮಿತಿ ಇತ್ತು. ಅದರಲ್ಲಿ ಅಜ್ಜಿಯ ಮ್ಯೂಟ್ ತೆಗೆಸುವುದಕ್ಕೇ ಹತ್ತು ನಿಮಿಷ. ಪಕ್ಕದ ಸೌದಿ 2017ರ ಸೆಪ್ಟೆಂಬರ್‌ನಲ್ಲೇ ಇಂಥ ಕರೆಗಳ ಮೇಲಿನ ತಡೆ ತೆಗೆದಿತ್ತು. ಅಲ್ಲಿ ಆಕಾಶ ಇನ್ನೂ ಮೇಲೆಯೇ ಇದೆ.

ಅರಬರನ್ನು ನೋಡಿ ನಗುವ ಮುಂಚೆ ನಮ್ಮ ಅಂಗಳ ನೋಡೋಣ್ರಿ. 2002ರ ಏಪ್ರಿಲ್ 1ರ ತನಕ ನಮ್ಮಲ್ಲೂ ಇಂಟರ್ನೆಟ್ ಫೋನು ನಿಷಿದ್ಧ; ವಿದೇಶಿ ಕರೆಯ ಗುತ್ತಿಗೆ ವಿಎಸ್‌ಎನ್‌ಎಲ್ ಎಂಬ ಒಂದೇ ಕಂಪನಿಯದು. ಹಳದಿ ಬೋರ್ಡಿನ ಬೂತಿನಲ್ಲಿ ಕೆಂಪು ಅಂಕಿ ಓಡುವುದನ್ನು ನೋಡುತ್ತ "ಇಡ್ತೀನವಾ, ಬಿಲ್ ಏರಾಕತ್ತದ" ಅನ್ನುತ್ತಿದ್ದವರಿಗೆ ಅದರ ಅರ್ಥ ಗೊತ್ತು. ಸುಧಾರಣೆ ಬಂದಾಗ ನಿಯಮ ಹೀಗಿತ್ತು: ವಿಜಯಪುರದ ಕಂಪ್ಯೂಟರ್ ಇನ್ನೊಂದು ಕಂಪ್ಯೂಟರಿನ ಜೊತೆ ಮಾತಾಡಬಹುದು. ಚಿಕಾಗೋದ ಟೆಲಿಫೋನಿಗೂ ಮಾತಾಡಬಹುದು. ಬಸವನ ಬಾಗೇವಾಡಿಯ ಟೆಲಿಫೋನಿಗೆ ಮಾತಾಡಿದರೆ ತಪ್ಪು. ಏಳು ಸಮುದ್ರ ದಾಟಿದ ಧ್ವನಿ ಪವಿತ್ರ, ಡೋಣಿ ನದಿ ದಾಟಿದರೆ ಕಳ್ಳಸಾಗಣೆ. 2014ರ ನವೆಂಬರ್‌ನಲ್ಲಿ ಸ್ಕೈಪ್ ಕೂಡ ಭಾರತದೊಳಗಿನಿಂದ ಭಾರತದ ಫೋನ್ ಸಂಖ್ಯೆಗಳಿಗೆ ಹೋಗುವ ಕರೆ ನಿಲ್ಲಿಸಿತು. ಈ ಬೇಲಿ ಕೆಳಗಿಳಿದದ್ದು 2018ರಲ್ಲಿ, ಅದೂ ಪರವಾನಗಿದಾರರಿಗಷ್ಟೇ. ಬಿಎಸ್‌ಎನ್‌ಎಲ್ ಅದೇ ವರ್ಷ 'ವಿಂಗ್ಸ್' ಎಂದು ವರ್ಷಕ್ಕೆ 1,099 ರೂಪಾಯಿಯ ಆ್ಯಪ್ ಸೇವೆ ಘೋಷಿಸಿತು. ಅಷ್ಟೂ ವರ್ಷ ಅಪಾಯವಾಗಿದ್ದ ಧ್ವನಿಗೆ ರೆಕ್ಕೆ ಬಂತು, ರಸೀದಿ ಸಮೇತ.

ಇಂಟರ್ನೆಟ್ ಬಂದ್ ಮಾಡುವ ನಮ್ಮ ಕಲೆ ಇದಕ್ಕಿಂತ ಹಳೆಯ ಬೇರಿನದು. 2013ರ ಜುಲೈನಲ್ಲಿ ಟೆಲಿಗ್ರಾಂ, ಅಂದರೆ ತಂತಿ, ಸತ್ತಿತು. ನಾಲ್ಕು ವರ್ಷದ ಮೇಲೆ, 2017ರ ಆಗಸ್ಟ್‌ನಲ್ಲಿ, 1885ರ ಟೆಲಿಗ್ರಾಫ್ ಕಾಯ್ದೆಯಡಿ ಇಂಟರ್ನೆಟ್ ಕಡಿಯುವ ನಿಯಮ ಹುಟ್ಟಿತು. 2024ರಲ್ಲಿ ಹೊಸ ನಿಯಮ ಬರುವ ತನಕ ಇದ್ದ ಅದರ ಪ್ರಕಾರ ಗೃಹ ಕಾರ್ಯದರ್ಶಿ ಆದೇಶ ಹೊರಡಿಸಬೇಕಿತ್ತು. ಎಸ್‌ಪಿಗಿಂತ ಕೆಳಗಿನವರಲ್ಲದ ಅಧಿಕಾರಿ ಅದನ್ನು ಕಂಪನಿಗೆ ಮುಟ್ಟಿಸಬೇಕಿತ್ತು. ಐದು ಕೆಲಸದ ದಿನಗಳೊಳಗೆ ಪರಿಶೀಲನಾ ಸಮಿತಿ ಕೂಡಬೇಕಿತ್ತು. ಬಂದ್ ಎರಡು ದಿನದ್ದಾದರೆ ಸಮಿತಿ ಕೂಡುತ್ತಿದ್ದುದು ತಿಥಿಗೆ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು ಎಂದಿತು. ಜಾಲತಾಣದಲ್ಲಿ ಪ್ರಕಟಿಸಿದರೆ ಆಯಿತು; ಇಂಟರ್ನೆಟ್ ಇಲ್ಲ ಎಂಬ ಸುದ್ದಿಯನ್ನು ಇಂಟರ್ನೆಟ್ ಬಂದ ಮೇಲೆ ಸಾವಕಾಶ ಓದಬಹುದು.

ಅದೇ ತಿಂಗಳು ಕಾಶ್ಮೀರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 2ಜಿ ವೇಗದಲ್ಲಿ ಮೊದಲಿಗೆ 153 ತಾಣಗಳ ಪಟ್ಟಿ, ಅವನ್ನಷ್ಟೇ ನೋಡಬಹುದು. ಪಟ್ಟಿ ಬರೆದವರು ಮರೆತದ್ದು ಒಂದೇ: ಈ ಕಾಲದ ತಾಣ ಒಂದೇ ವಿಳಾಸದಲ್ಲಿ ವಾಸ ಮಾಡುವುದಿಲ್ಲ. ಬ್ಯಾಂಕಿನ ಪುಟ ಒಂದು ಕಡೆಯಿಂದ, ಅದರ ಗುಂಡಿ ಕೆಲಸ ಮಾಡಿಸುವ ಸ್ಕ್ರಿಪ್ಟ್ ಇನ್ನೊಂದು ಕಡೆಯಿಂದ, ಚಿತ್ರ ಮತ್ತೊಂದು ಕಡೆಯಿಂದ. ಹೆಸರು ಪಟ್ಟಿಯಲ್ಲಿರುತ್ತದೆ, ಬಳಗ ಇರುವುದಿಲ್ಲ. ಪುಟ ಅರ್ಧ ಬಂದು ಬೆಳ್ಳಗೆ ನಿಲ್ಲುತ್ತದೆ.

ನಮ್ಮ ಕಡೆ ನೆಟ್ ನಿಂತರೆ ಮೊದಲು ಮಲಗುವುದು ದಂಗೆ ಎಬ್ಬಿಸುವವನಲ್ಲ, ಮಿರ್ಚಿ ಗಾಡಿಯ ಕ್ಯೂಆರ್ ಕೋಡು. ಆಮೇಲೆ ರೇಷನ್ ಅಂಗಡಿಯ ಬೆರಳಚ್ಚು ಯಂತ್ರ, ಆಮೇಲೆ ನಾಡಕಚೇರಿಯ ಪಹಣಿ. ಹಣ ಕಳಿಸಲು *99# ಒತ್ತಿದರೆ ನೆಟ್ ಬೇಕಿಲ್ಲ, ಸಾದಾ ಸಿಗ್ನಲ್ ಸಾಕು. ಆದರೆ ಮೆನುವಿನಲ್ಲಿ ಒಂದೊಂದೇ ಅಂಕಿ ಒತ್ತಿ ಮುಗಿಸುವುದರೊಳಗೆ ಮಿರ್ಚಿ ಆರುತ್ತದೆ.

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಅಕ್ರಮ 1656ರಿಂದ ರಾಜಾರೋಷವಾಗಿ ನಡೆದಿದೆ, ಯಾವ ಪ್ರಾಧಿಕಾರದ ಕಣ್ಣಿಗೂ ಬಿದ್ದಿಲ್ಲ. ಗೋಳಗುಮ್ಮಟದ ಮೂಲೆಯ ಗೋಪುರದ ಇಕ್ಕಟ್ಟು ಮೆಟ್ಟಿಲು ಹತ್ತಿ, ಗುಮ್ಮಟದ ಒಳಗಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆಯವರಿಗೆ ಕಿವಿಯಲ್ಲಿ ಹೇಳಿದ ಹಾಗೆ ಕೇಳುತ್ತದೆ. ಸಿಮ್ ಇಲ್ಲ, ಆಧಾರ್ ಇಲ್ಲ, ಪರವಾನಗಿ ಇಲ್ಲ. 2022ರಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ವಿಪಿಎನ್ ಕಂಪನಿಗಳಿಗೆ ಗ್ರಾಹಕರ ವಿವರ ಐದು ವರ್ಷ ಇಟ್ಟುಕೊಳ್ಳಲು ಹೇಳಿತು. ಈ ಗುಮ್ಮಟ ಐದು ಸೆಕೆಂಡಿನದೂ ಇಟ್ಟುಕೊಂಡಿಲ್ಲ. 2021ರ ಐಟಿ ನಿಯಮದ ಪ್ರಕಾರ, ಆದೇಶ ಬಂದರೆ, ಸಂದೇಶದ ಮೊದಲ ಮೂಲ ಯಾರೆಂದು ದೊಡ್ಡ ಸಂದೇಶ ವೇದಿಕೆಗಳು ತೋರಿಸಿಕೊಡಬೇಕು. ಇಲ್ಲಿ ಶಾಲಾ ಹುಡುಗ ಒಮ್ಮೆ 'ಹೋ' ಅಂದರೆ ಏಳು ಸಲ ಕೇಳುತ್ತದೆ. ಅದರಲ್ಲಿ ಯಾವ 'ಹೋ' ಮೂಲದ್ದು, ಯಾವುದು ಫಾರ್ವರ್ಡ್ ಆದದ್ದು ಎಂದು ಯಾವ ನೋಡಲ್ ಅಧಿಕಾರಿ ಪಂಚನಾಮೆ ಮಾಡಬೇಕು?

ಕೆಡವಲಿಕ್ಕಾಗದು, ಸಂರಕ್ಷಿತ ಸ್ಮಾರಕ. ಬೀಗ ಹಾಕಿದರೆ ಪ್ರವಾಸೋದ್ಯಮದವರು ಬಿಡುವುದಿಲ್ಲ. ಉಳಿದದ್ದು ಜಗತ್ತೇ ಒಪ್ಪಿದ ಮಾರ್ಗ. ಈಗಿನ ಟಿಕೆಟ್ ಬಾಗಿಲಿಗೆ ಮಾತ್ರ, ಮಾತಿಗಲ್ಲ ಎಂದು ಸುತ್ತೋಲೆ ತೆಗೆದು ಪ್ಯಾಕ್ ಶುರುಮಾಡಬೇಕು: ಪಿಸುಮಾತಿಗೆ ದಿನಕ್ಕೆ 50 ರೂಪಾಯಿ, ಮೊದಲ ಮೂರು ಪ್ರತಿಧ್ವನಿ ಪುಕ್ಕಟೆ, ನಾಲ್ಕರಿಂದ ಏಳಕ್ಕೆ ಟಾಪ್‌ಅಪ್, ಜಿಎಸ್‌ಟಿ ಬೇರೆ.