ಕಳಾವರ್ ಗುಲಾಮ ಕಾಣೆಯಾಗಿದ್ದಾನೆ

ಇಪ್ಪತ್ತೆಂಟು ಅನ್ನುವ ಇಸ್ಪೀಟಾಟದಲ್ಲಿ ಗುಲಾಮನೇ ಎಲ್ಲಕ್ಕಿಂತ ದೊಡ್ಡ ಎಲೆ, ಅವನಿಗೆ ಮೂರು ಅಂಕ. ಕೊನೆಗೆ ಎರಡೂ ಕಡೆಯ ಅಂಕ ಕೂಡಿಸಿದರೆ 28 ಬರಬೇಕು. ಡಿಸೆಂಬರಿನ ಕೊನೇ ಶನಿವಾರ ನಮ್ಮನೆಯಲ್ಲಿ 25 ಬಂತು. ಮತ್ತೆ ಎಣಿಸಿದೆವು. ಮತ್ತೆ 25.

"ಮೂರು ಕಡಿಮೆ ಅಂದರೆ ಗುಲಾಮನೇ ಇಲ್ಲ" ಅಂದರು ಭಾವ. ಇಡೀ ಸರ್ವೀಸು ಬ್ಯಾಂಕಿನಲ್ಲಿ ಕಳೆದವರು, ಕ್ಯಾಶ್ ತಾಳೆಯಾಗದೆ ಮನೆಗೆ ಹೋದವರಲ್ಲ. ಎಲ್ಲ ಎಲೆಗಳನ್ನು ಟೀಪಾಯಿಯ ಮೇಲೆ ಹರವಿದರು. ಕಳಾವರ್ ಗುಲಾಮ ನಾಪತ್ತೆ. ಅವನ ಜಾಗದಲ್ಲಿ ಆಟೀನ್ ಆರು ನುಸುಳಿತ್ತು. ಈ ಆಟಕ್ಕೆ ಬೇಡದ ಆರು ಮಧ್ಯೆ ಇಳಿದರೂ ನಾಲ್ವರಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಅಷ್ಟು ಹೊತ್ತಿಗೆ ಚಕ್ಕುಲಿ ಬಂದಿತ್ತು.

ಗುಲಾಮ ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಓದುವಾಗ ಕೈಗೆ ಸಿಕ್ಕಿದ್ದನ್ನು ಪುಟದ ನಡುವೆ ತುರುಕುವುದು ನನ್ನ ಹಳೇ ಚಾಳಿ. ಹಾಗಾಗಿ ಅವನು ಯಾವುದೋ ಪುಸ್ತಕದೊಳಗೆ ಮಲಗಿದ್ದಾನೆ. ಯಾವುದರಲ್ಲಿ ಅನ್ನುವುದೇ ಪ್ರಶ್ನೆ.

ಭಾನುವಾರ ಬೆಳಗ್ಗೆ ಒಂದೊಂದೇ ಪುಸ್ತಕ ತೆಗೆದು ಕೊಡವಿದೆ. ಒಂದರಲ್ಲಿ 34ನೇ ಪುಟಕ್ಕೆ ಬಸ್ ಟಿಕೆಟ್. ಇನ್ನೊಂದರಲ್ಲಿ 61ಕ್ಕೆ ಕರೆಂಟ್ ಬಿಲ್. ಮತ್ತೊಂದರಲ್ಲಿ ಯಾರದೋ ಮನೆಯ ನಾಮಕರಣದ ಕರೆಯೋಲೆ. ಆ ಮಗು ಈಗ ನಡೆಯುತ್ತಿರಬೇಕು. ಮೂರು ಪುಸ್ತಕದಲ್ಲಿ 20ನೇ ಪುಟದ ಆಸುಪಾಸಿನಲ್ಲೇ ಬಾಚಣಿಗೆ, ಒಣಗಿದ ಬೇವಿನೆಲೆ, ಖಾಲಿ ಮಾತ್ರೆ ಪಟ್ಟಿ. 2025ರಲ್ಲಿ ಎಷ್ಟು ಓದಿದಿರಿ ಎಂದು ಕೇಳಿದವರಿಗೆಲ್ಲ "ಮೂವತ್ತರ ಮೇಲಾಯಿತು" ಅನ್ನುತ್ತಿದ್ದೆ. ಕೊನೇ ಪುಟ ಮುಟ್ಟಿದ್ದು ಒಂಬತ್ತು. ಅಷ್ಟಕ್ಕೂ ಈ ಲೆಕ್ಕ ಕೇಳುವವರಿಗೆ ಏನು ಬೇಕಂತೆ? ವಾರಕ್ಕೊಂದರಂತೆ 52 ಪುಸ್ತಕ ಓದಿ ಸಾಲಾಗಿ ಜೋಡಿಸಿ ಫೋಟೋ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಸ್ಪೀಟು ಕಟ್ಟಿನಲ್ಲೂ 52 ಇರುತ್ತವೆ. ಜೋಡಿಸಿಟ್ಟ ಮಾತ್ರಕ್ಕೆ ಆಡಿದ ಹಾಗಾಯಿತಾ?

ಇಸ್ಪೀಟಿನದು ಬೇರೆಯೇ ತಲೆನೋವು. 2025ರ ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು ಕಾಯ್ದೆ ಮಾಡಿತಲ್ಲ, ಅವತ್ತಿನಿಂದ ಎದುರು ಮನೆಯವರು ನನ್ನನ್ನು ಕಂಡಾಗಲೆಲ್ಲ "ನಿಮ್ಮದು ಬ್ಯಾನ್ ಆಯ್ತಂತೆ?" ಎನ್ನುತ್ತಾರೆ. ನಮ್ಮಲ್ಲಿ ಪಣಕ್ಕಿರುವುದು ಚಕ್ಕುಲಿ ಸ್ವಾಮಿ! ಮುಮ್ಮಡಿ ಕೃಷ್ಣರಾಜ ಒಡೆಯರು ಕೂತು ಚಿತ್ರ ಬರೆದ ಎಲೆಗಳ ಹೊಸ ಹೊಸ ಗಂಜೀಫಾ ಆಟ ಕಟ್ಟಿದರು, ಕೆಲವು ಕಟ್ಟಿನಲ್ಲಿ ನೂರಾರು ಎಲೆ. ಅದನ್ನು ಕಲೆ ಅನ್ನುತ್ತಾರೆ, ಗಾಜಿನ ಹಿಂದಿಟ್ಟು ತೋರಿಸುತ್ತಾರೆ. ನಾವು ನಾಲ್ಕು ಜನ ಕೂತರೆ ಮಾತ್ರ ಜೂಜು. ಆ ನೂರಾರರಲ್ಲಿ ಒಂದೆಲೆ ಕಳೆದಾಗ ಅರಮನೆಯಲ್ಲಿ ಯಾರು ಯಾರ ಮೇಲೆ ಹರಿಹಾಯ್ದಿರಬಹುದು ಎಂದು ಆಗಾಗ ಯೋಚಿಸುತ್ತೇನೆ.

ಆದರೆ ಹೇಳಬೇಕಾದದ್ದು ಹಗ್ಗದ ವಿಷಯ.

ನನ್ನ ಅಳಿಯ, ಅಂದರೆ ಅಕ್ಕ ಭಾವನ ಮಗ, ಜುಲೈನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸಲು ಹೊರಟ. 1974ರಿಂದ ಇರುವ ಆಟ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಪಾತ್ರವಾಗಿ ಮಾತಾಡುತ್ತಾರೆ. ಅವನು ತಿಂಗಳಿಡೀ ಕೂತು ಗುಹೆ, ಗುಹೆಯಲ್ಲೊಂದು ಡ್ರ್ಯಾಗನ್, ಅದರ ಪೂರ್ವಜನ್ಮ ಎಲ್ಲ ಬರೆದಿದ್ದ. ಭಾವನಿಗೆ ಸಿಕ್ಕಿದ್ದು ಮೂರಡಿ ಎತ್ತರದ ಕಳ್ಳನ ಪಾತ್ರ. ಹೆಸರು ಏನಿಡಲಿ ಎಂದಾಗ "ಘಟೋತ್ಕಚ" ಅಂದರು.

ಭಾವ ಶಿರಸಿ ಕಡೆಯವರು, ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದವರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡುವುದು. "ಇದೂ ಅದೇ ಅಲ್ವಾ" ಎಂದು ಶಲ್ಯ ಸರಿ ಮಾಡಿಕೊಂಡರು. ಅಳಿಯನಿಗೆ ಆಗಲೇ ಅನುಮಾನ ಬರಬೇಕಿತ್ತು.

ಗುಹೆಗೆ ಇಳಿಯಲು ಹಗ್ಗ ಬೇಕು. ಅಂಗಡಿಗೆ ಹೋದೆವು. ಅಂಗಡಿಯವನೂ ಅಳಿಯನೇ. "50 ಅಡಿ ಹಗ್ಗ, ಒಂದು ಚಿನ್ನದ ನಾಣ್ಯ" ಅಂದ. ನಿಯಮದ ಪುಸ್ತಕದಲ್ಲೂ ಹಾಗೇ ಇತ್ತು.

ಭಾವ ಕನ್ನಡಕ ಏರಿಸಿ ಆ ಪುಟ ಪೂರ್ತಿ ಓದಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಶುರು ಹಚ್ಚಿದರು. "ಎಲೈ ವರ್ತಕನೇ! ಹತ್ತಡಿ ಏಣಿಗೆ ಒಂದು ಬೆಳ್ಳಿ ನಾಣ್ಯವೆಂದು ನಿನ್ನ ಪಟ್ಟಿಯೇ ಹೇಳುತ್ತಿದೆ. ಹತ್ತು ಬೆಳ್ಳಿಗೆ ಒಂದು ಚಿನ್ನ. ಐದು ಏಣಿ ಕಟ್ಟಿದರೆ 50 ಅಡಿ. ಅರ್ಧ ಚಿನ್ನಕ್ಕೆ ಮರವೇ ದೊರಕುವಾಗ ಬರಿಯ ನಾರಿಗೆ ಒಂದು ಚಿನ್ನವೇ?"

ಅಳಿಯ ತಬ್ಬಿಬ್ಬಾದ. ಸಣಬು ದೂರದಿಂದ ಬರುತ್ತದೆ ಅಂದ. ದೂರದಿಂದ ಬಂದದ್ದಕ್ಕೆ ದಾರಿಯ ಸುಂಕವೋ ನಿನ್ನ ಲೋಭದ ಸುಂಕವೋ ಎಂದರು ಭಾವ. ವ್ಯಾಪಾರಿಯ ಧರ್ಮ, ಕರ್ಣನ ದಾನ, ಬಲಿಯ ಮೂರಡಿ (ತಾನೂ ಮೂರಡಿಯವನೇ ಎಂದು ಎದೆ ತಟ್ಟಿಕೊಂಡರು), ಎಲ್ಲವೂ ಬಂದವು. ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ನಲವತ್ತು ನಿಮಿಷ. ಆ ಹೊತ್ತಿಗೆ ನಾನೇ ಅಂಗಡಿಯವನಾಗಿದ್ದರೆ ಹಗ್ಗದ ಜೊತೆ ಅಂಗಡಿಯನ್ನೂ ಬರೆದುಕೊಡುತ್ತಿದ್ದೆ.

"ಸೂಪರ್ ಅಪ್ಪ. ಈಗ ದಾಳ ಹಾಕು" ಅಂದ ಅಳಿಯ.

ಇಪ್ಪತ್ತು ಮುಖದ ದಾಳ ಉರುಳಿ ಚಕ್ಕುಲಿ ತಟ್ಟೆಗೆ ಬಡಿದು ನಿಂತಿತು. ಮೂರು.

"ವರ್ತಕ ಒಪ್ಪಲಿಲ್ಲ."

"ಹಂಗಾರೆ ಇಷ್ಟೊತ್ತು ನಾನು ಮಾತಾಡಿದ್ದು ಎಂತಕ್ಕೆ?" ಭಾವನ ಮುಖ ಕೆಂಪಾಗಿತ್ತು. ತಮಾಷೆಯ ಕೋಪವಲ್ಲ. ನನಗೂ ಸಿಟ್ಟು ಬಂತು, ಈಗಲೂ ಇದೆ. ಮನುಷ್ಯ ಒಳ್ಳೆಯ ಮಾತಾಡಿದ್ದಾನೆ, ಎದುರಿಗಿದ್ದವನಿಗೆ ಉತ್ತರ ಹೊಳೆದಿಲ್ಲ, ಆಮೇಲೆ ಒಂದು ಪ್ಲಾಸ್ಟಿಕ್ ಗೋಲಿ ಬಂದು ಇಲ್ಲ ಅನ್ನುವುದು ಯಾವ ನ್ಯಾಯ?

ಅಳಿಯ ತಣ್ಣಗೆ ಕೇಳಿದ: "ಕೃಷ್ಣ ಸಂಧಾನದಲ್ಲಿ ಕೃಷ್ಣ ಎಷ್ಟು ಚೆನ್ನಾಗಿ ಮಾತಾಡಿದರೂ ಕೌರವ ಐದು ಊರು ಕೊಡ್ತಾನಾ ಅಪ್ಪ?"

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಐದು ಬೆಳ್ಳಿ ನಾಣ್ಯ ಕೊಟ್ಟು ಐದು ಏಣಿ ಕೊಂಡರು. ಏಣಿಯೊಂದು 25 ಪೌಂಡ್. ಮೂರಡಿಯ ಘಟೋತ್ಕಚ 125 ಪೌಂಡ್ ಏಣಿ ಹೊತ್ತು ಅಂಗಡಿಯ ಬಾಗಿಲಲ್ಲಿ ನಿಂತಿದ್ದಾನೆ. ಜುಲೈಯಿಂದ ಅಲ್ಲೇ ಇದ್ದಾನೆ. ಡ್ರ್ಯಾಗನನ್ನು ನಾವು ಇನ್ನೂ ನೋಡಿಲ್ಲ.

ಎಲ್ಲಿದ್ದೆ? ಹಾಂ, ಗುಲಾಮ. ಸಿಗಲಿಲ್ಲ. ಅರ್ಧ ಕಪಾಟು ಮುಗಿಯುವಷ್ಟರಲ್ಲಿ ಕರೆಂಟ್ ಬಿಲ್ ಇದ್ದ ಪುಸ್ತಕವನ್ನು 61ನೇ ಪುಟದಿಂದ ಸುಮ್ನೆ ಓದುತ್ತ ನಿಂತೆ, ಮಧ್ಯಾಹ್ನವಾಯಿತು. ಅದೀಗ 90ರಲ್ಲಿದೆ. ಗುರುತಿಗೆ ಆಟೀನ್ ಆರು ಇಟ್ಟಿದ್ದೇನೆ, ಅದು ಇಪ್ಪತ್ತೆಂಟಕ್ಕೆ ಹೇಗೂ ಬೇಡ.

ಗುಲಾಮನ ಬದಲಿಗೆ ಭಾವ ಒಂದು ಜೋಕರ್ ತೆಗೆದು ಬಾಲ್‌ಪೆನ್ನಿನಲ್ಲಿ "ಕ. ಗು." ಎಂದು ಬರೆದು ಕೆಳಗೆ ಸಹಿ ಹಾಕಿದರು. ಒತ್ತಿ ಬರೆದದ್ದಕ್ಕೆ ಬೆನ್ನಿನ ಮೇಲೂ ಅಚ್ಚು ಮೂಡಿದೆ. ಯಾರ ಕೈಗೆ ಹೋದರೂ ಮೂರು ಜನಕ್ಕೆ ಗೊತ್ತಾಗುತ್ತದೆ. ಮೊನ್ನೆ ಶನಿವಾರ, ಎಷ್ಟು ಅಂಕ ಗೆಲ್ಲುತ್ತೇವೆಂದು ನೋಡಿ ಕೂಗುವ ಮೊದಲ ನಾಲ್ಕು ಎಲೆಯಲ್ಲೇ ಅದು ನನಗೆ ಬಂತು. ಮೂವರೂ ನನ್ನ ಕೈಯನ್ನೇ ನೋಡುತ್ತ ಕೂತರು. ನಾನು ಚಕ್ಕುಲಿ ಮುರಿಯುತ್ತ "ಪಾಸ್" ಅಂದೆ.