ಡಿಕ್ಕಿ ನಜ್ಜುಗುಜ್ಜಾದ ಕಾರೆಲ್ಲ ಗುಜರಿಗಲ್ಲ

ಸಂಪಾಜೆ ಘಾಟಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಫೋಟೊ ಜೊತೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: 'ಚಾಸಿ ಬೆಂಡಾದರೆ ರಿಪೇರಿ ಇಲ್ಲ, ಇನ್ಶೂರೆನ್ಸೂ ಸಿಗಲ್ಲ, ಬಂದಷ್ಟಕ್ಕೆ ಮಾರಿಬಿಡಿ.' ಎರಡೂ ತಪ್ಪು. ಇದರಿಂದ ಲಾಭ ಗುಜರಿಯವರಿಗಷ್ಟೇ.

ಇಂದಿನ ಬಹುತೇಕ ಕಾರುಗಳಿಗೆ ಪ್ರತ್ಯೇಕ ಚಾಸಿಯೇ, ಅಂದರೆ ಅಡಿಯ ಚೌಕಟ್ಟೇ ಇಲ್ಲ, ಬಾಡಿಯೇ ಚಾಸಿ. ಹಿಂಭಾಗ ಮುದುಡಿ ಪೆಟ್ಟು ನುಂಗಲೆಂದೇ ಇರುವುದು. ನೆಲದಡಿಯ ಎರಡು ಉದ್ದ ಪಟ್ಟಿಗಳ ತುದಿ ಬಾಗಿದ್ದರೆ ಕಾರನ್ನು ಬೆಂಚ್‌ಗೆ (ಬಾಡಿ ಎಳೆದು ನೇರ ಮಾಡುವ ಕಬ್ಬಿಣದ ಚೌಕಟ್ಟು) ಬಿಗಿದು, ಕಂಪನಿ ಕೊಟ್ಟ ಅಳತೆಗೆ ಎಳೆಯಬಹುದು. ಮಡಚಿಹೋಗಿದ್ದರೆ ಕಂಪನಿ ಹೇಳಿದ ಜಾಗದಲ್ಲೇ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಬೇಕು. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಡಿಯುವವರಿಗೆ ಮಾತ್ರ ಕೊಡಬೇಡಿ, ಗಟ್ಟಿ ಉಕ್ಕು ಕಾದರೆ ಬಲ ಕಳೆದುಕೊಳ್ಳುತ್ತದೆ.

ಡೆಲಿವರಿ ತೆಗೆದುಕೊಳ್ಳುವಾಗ ಸ್ಟೆಪ್ನಿ ಎತ್ತಿ ಗುಂಡಿಯ ತಳ ನೋಡಿ. ಸುಕ್ಕು ಉಳಿದಿದೆಯೇ? ಹಿಂದಿನ ಬಾಗಿಲ ಸಂದು ಮೇಲೊಂದು ಕೆಳಗೊಂದು ಅಗಲವಿದೆಯೇ? ಬೆಸುಗೆಯ ಮೇಲೆ ಸೀಲೆಂಟ್, ಒಳಗೆ ತುಕ್ಕು ನಿರೋಧಕ ಹಾಕಿರಲೇಬೇಕು. ನಮ್ಮ ಮಡಿಕೇರಿ ಮಳೆಗೆ ಪುಟ್ಟಿ, ಪೇಂಟ್ ಯಾವ ಲೆಕ್ಕ! ಪೆಟ್ರೋಲ್ ಟ್ಯಾಂಕ್, ಪೈಪ್ ಪರೀಕ್ಷೆಯನ್ನೂ ಬಿಡಬೇಡಿ.

ಇನ್ನು ವಿಮೆ. ನಿಮ್ಮ ಕಾರಿನ ಹಾನಿಗೂ ರಕ್ಷಣೆ ಕೊಡುವ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಇಂಥ ಹಾನಿಗೆ ಕ್ಲೇಮ್ ಮಾಡಬಹುದು. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಮೌಲ್ಯ) ಶೇ 75 ಮೀರಿದರೆ ಟೋಟಲ್ ಲಾಸ್, ಅಂದರೆ ಪೂರ್ಣ ನಷ್ಟ ಎಂದು ಇತ್ಯರ್ಥ ಮಾಡುತ್ತಾರೆ. ಆಗಲೂ ಹಣ ಬರುತ್ತದೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿಮ್ಮ ವಿಮೆಯಿಂದ ಏನೂ ಇಲ್ಲ, ಗುದ್ದಿದವರ ವಿಮೆಯ ಮೇಲೆ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಏನೇ ಇರಲಿ, ಹಾನಿ ಅಂದಾಜು ಮಾಡುವ ವಿಮಾ ಸರ್ವೇಯರ್ ನೋಡುವ ಮೊದಲು ಗ್ಯಾರೇಜಿನವರಿಗೆ ಒಂದು ಬೋಲ್ಟನ್ನೂ ಬಿಚ್ಚಲು ಬಿಡಬೇಡಿ.